ಬಡಿದು ನೋಡಿದ ಕಾರು

ಶಹಾಬಾದಿನ ಕಲ್ಲಿನ ವ್ಯಾಪಾರಿ ಅಣವೀರ ಎಂಟು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ತನ್ನ ಕೆಂಪು ಸ್ಪೋರ್ಟ್ಸ್ ಕಾರು ಕೊಟ್ಟು ದಸ್ತಗೀರ ಚಾಚಾರ ಅರವತ್ತು ವರ್ಷದ ಹಳೇ ಫಿಯೆಟ್ ತಗೊಳ್ಳಬೇಕೋ ಬೇಡವೋ? ಕೆಂಪು ಕಾರಿನ ಹೊಟ್ಟೆ ಸೇಡಂ ರಸ್ತೆಯ ಪ್ರತಿ ಉಬ್ಬಿಗೂ ತಾಗುತ್ತಿತ್ತು, ನಿಜ. ಆದರೆ ಹೊಸದು ಕೊಟ್ಟು ಹಳೆಯದು ತಂದರೆ ಓಣಿಯವರು ನಗುವುದಿಲ್ಲವೇ?

ಒಡಕು ಕಲ್ಲು ಠಣ್ ಅನ್ನುವುದಿಲ್ಲವೆಂದು ಪ್ರತಿ ಫರ್ಸಿ ಚಪ್ಪಡಿಯನ್ನೂ ಬೆರಳಿನಿಂದ ಬಡಿದು ನೋಡಿಯೇ ಕೊಳ್ಳುವ ಮನುಷ್ಯ ಅವನು. ಚಾಚಾರ ಅಂಗಳದಲ್ಲಿ ಅವನ ಕೈ ತಾನಾಗಿಯೇ ಫಿಯೆಟ್ಟನ್ನು ಬಡಿಯಿತು. ಬಾನೆಟ್ ಠಣ್ ಎಂದಿತು. ಎಡಬಾಗಿಲು ಮಾತ್ರ ದಬ್ ಎಂದಿತು. ಅಣವೀರ ಚಾಚಾರ ಕಡೆ ತಿರುಗಿದ.

"ಅಲ್ಲಿ ನಮ್ಮ ಅಬ್ಬಾ ಗಾಡಿ ಗ್ವಾಡಿಗಿ ಗುದ್ದಿಸಿದ್ರು. ತಗ್ಗು ಬಿದ್ದಲ್ಲಿ ಪುಟ್ಟಿ ಮೆತ್ತೀವಿ," ಎಂದರು ಚಾಚಾ. ಅವರೂ ಕಲ್ಲಿನ ವ್ಯಾಪಾರದವರೇ. ನೆಟ್ಟಗೆ ಹೋಗಿ ಪಕ್ಕದಲ್ಲಿ ನಿಂತಿದ್ದ ಕೆಂಪು ಕಾರಿನ ಮೂತಿಗೆ ಬಡಿದರು. ದಬ್. ಹಿಂಬದಿಗೆ ಬಡಿದರು. ದಬ್.

"ಇದು ಪೂರಾ ಹಿಂಗೇ ಏನಪಾ?"

"ಅದು ಪ್ಲಾಸ್ಟಿಕ್ ಚಾಚಾ. ಹೊಸ ಗಾಡಿ ಎಲ್ಲಾ ಹಿಂಗೇ ಇರ್ತಾವ್ರಿ."

ಚಾಚಾ ಕೈಯಲ್ಲಿ ಹಿಡಿದಿದ್ದ ಫಿಯೆಟ್ಟಿನ ಕೀಲಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಇಷ್ಟು ದಿನ ಬೇಕೋ ಬೇಡವೋ ಎನ್ನುತ್ತಿದ್ದ ಅಣವೀರ ಈಗ ಓಡಿಹೋಗಿ ಕೆಂಪು ಕಾರಿನ ಬಾಗಿಲು ತೆರೆದ.

"ಚಾಚಾ, ಒಂದ್ಸಲ ಒಳಗ ಕುಂತು ನೋಡ್ರಿ!"