ತೇನ್‌ಮೊಳಿ ಕಬ್ಬಿಣ ಆರಿಸಿಕೊಂಡದ್ದು

ಕೊಯಮತ್ತೂರಿನ ಪೀಳಮೇಡಿನಾಚೆ ಪಂಪಿನ ಬಿಡಿಭಾಗಗಳನ್ನು ಎರಕ ಹೊಯ್ಯುವ ಒಂದು ಫೌಂಡ್ರಿಯಿದೆ. ಕರಗಿದ ಕಬ್ಬಿಣವನ್ನು ಅಚ್ಚಿಗೆ ಸುರಿಯಬಹುದೋ ಬಾರದೋ ಎಂದು ಅಲ್ಲಿ ಹೇಳುವವಳು ತೇನ್‌ಮೊಳಿ. ಅವಳು ಬೇಡವೆಂದರೆ ಕುಲುಮೆ ಕಾಯುತ್ತದೆ, ಮಾಲೀಕರೂ ಕಾಯುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಮಾತ್ರ, ಎಂಜಿನಿಯರಿಂಗಿನಲ್ಲಿ ಯಾವ ವಿಭಾಗ ಓದಬೇಕೆಂಬ ಪ್ರಶ್ನೆಗೆ ಅವಳನ್ನು ಬಿಟ್ಟು ಮನೆಯಲ್ಲಿ ಎಲ್ಲರ ಬಳಿಯೂ ಉತ್ತರವಿತ್ತು.

ಅಪ್ಪ ತಂಗವೇಲ್ ಆಚಾರಿಯ ಉತ್ತರ ಚಿಕ್ಕದು. ಫೌಂಡ್ರಿಯ ಪಕ್ಕದ ಶೆಡ್ಡಿನಲ್ಲಿ ಕೂತು ಮರಳಿನಲ್ಲಿ ಒತ್ತಿ ಎರಕದ ಅಚ್ಚು ಮೂಡಿಸುವ ಮರದ ಮಾದರಿಗಳನ್ನು ಕೆತ್ತುವುದು ಅವನ ಕಸುಬು. ಮಗಳನ್ನು ಅವನು ಮುದ್ದಿಗೆ ಅಮ್ಮಿಣಿ ಎನ್ನುತ್ತಿದ್ದ. "ಮೂವತ್ತು ವರ್ಷ ಮರಳು ಉಸಿರಾಡಿದ್ದೀನಿ ಅಮ್ಮಿಣಿ. ಏನು ಬೇಕಾದ್ರೂ ಓದು. ಈ ಗೇಟಿನೊಳಗೆ ಕರ್ಕೊಂಡು ಬರೋ ಓದು ಮಾತ್ರ ಬೇಡ."

ಸೋದರಮಾವ ಚೆಲ್ಲಮುತ್ತು ಸಿಂಗಾನಲ್ಲೂರಿನಲ್ಲಿ ಡ್ರೈವಿಂಗ್ ಶಾಲೆ ನಡೆಸುತ್ತಿದ್ದ. ಇನ್ನೊಬ್ಬರ ಸ್ಟಿಯರಿಂಗಿಗೆ ಕೈ ಹಾಕುವುದು ಅವನಿಗೆ ಅಭ್ಯಾಸವಾಗಿತ್ತು. "ಕಂಪ್ಯೂಟರ್ ತಗೋ. ಏಸಿ ರೂಮು, ತಿರುಗೋ ಕುರ್ಚಿ. ಇದರಲ್ಲಿ ಯೋಚನೆ ಮಾಡೋಕೆ ಏನಿದೆ?"

ಹನ್ನೆರಡನೇ ತರಗತಿಯ ಫಲಿತಾಂಶ ಬಂದ ತಿಂಗಳಲ್ಲೇ ಮಾವನ ಹೊಸ ಮನೆಯ ಕೆಲಸ ಮುಗಿಯುತ್ತಿತ್ತು. ಕಿಟಕಿಗಳ ಅಳತೆ ಬರೆದುಕೊಡಲು ತೇನ್‌ಮೊಳಿಗೆ ಹೇಳಿದ. ಅವಳು ಅಪ್ಪನ ಪೆಟ್ಟಿಗೆಯಿಂದ ಒಂದು ಕಪ್ಪು ಮರದ ಅಳತೆಪಟ್ಟಿ ತೆಗೆದುಕೊಂಡು ಹೋಗಿ, ಒಂದೊಂದನ್ನೂ ಎರಡೆರಡು ಸಲ ಅಳೆದು ಬರೆದುಕೊಟ್ಟಳು. ವಾರದ ಮೇಲೆ ಬಂದ ಗ್ರಿಲ್‌ಗಳು ಒಂದೂ ಬಿಗಿಯಾಗಿ ಕೂರಲಿಲ್ಲ. ನಾಲ್ಕಡಿಯ ಕಿಟಕಿಯಲ್ಲಿ ಅರ್ಧ ಇಂಚು ಸಂದು.

ಮಾವ ಬೀದಿಗೆಲ್ಲ ಕೇಳುವಂತೆ ಹೇಳಿದ. "ಗಣಿತದಲ್ಲಿ ಇನ್ನೂರಕ್ಕೆ ನೂರ ತೊಂಬತ್ತಾರಂತೆ! ಕಿಟಕಿ ಅಳೆಯೋಕೆ ಬರಲ್ಲ. ಕಳ್ಳ ಬಂದ್ರೆ ಕುಯ್ಯೋ ಕಷ್ಟವೂ ಇಲ್ಲ, ತಳ್ಳಿದ್ರೆ ಆಯ್ತು."

ತಂಗವೇಲ್ ಬಂದು ನೋಡಿದ. ಸಂದಿಗೆ ಬೆರಳು ತೂರಿಸಿದ. "ಯಾವ ಪಟ್ಟೀಲಿ ಅಳೆದೆ?"

"ಕಪ್ಪುಪಟ್ಟೀಲಿ."

ಅವನಿಗೆ ನಗು ತಡೆಯಲಾಗಲಿಲ್ಲ. "ಅದು ಎರಕದ ಪಟ್ಟಿ ಅಮ್ಮಿಣಿ! ಅದರ ಅಡಿಯೇ ಬೇರೆ, ಊರಿನವರ ಅಡಿಯೇ ಬೇರೆ."

ಕರಗಿದ ಕಬ್ಬಿಣ ತಣ್ಣಗಾಗುವಾಗ ಅಡಿಗೆ ಇಂಚಿನ ಎಂಟನೇ ಒಂದು ಭಾಗದಷ್ಟು ಕುಗ್ಗುತ್ತದೆ. ಹಾಗಾಗಿ ಮಾದರಿಯನ್ನು ಅಷ್ಟು ದೊಡ್ಡದಾಗಿಯೇ ಕೆತ್ತಬೇಕು. ಪ್ರತಿ ಸಲ ಲೆಕ್ಕ ಹಾಕುವ ಬದಲು ಆಚಾರಿಗಳು ಪಟ್ಟಿಯನ್ನೇ ಹಿಗ್ಗಿಸಿ ಮಾಡಿಕೊಂಡಿರುತ್ತಾರೆ. ಅದರಲ್ಲಿ ಕಿಟಕಿ ಅಳೆದರೆ ಅಳತೆ ಅಷ್ಟೇ ಕಡಿಮೆ ಬರುತ್ತದೆ. ಅಪ್ಪನ ಪೆಟ್ಟಿಗೆಯಲ್ಲಿ ಹಿತ್ತಾಳೆಗೊಂದು, ಅಲ್ಯೂಮಿನಿಯಮ್‌ಗೊಂದು, ಉಕ್ಕಿಗೊಂದು ಬೇರೆ ಬೇರೆ ಪಟ್ಟಿಗಳಿದ್ದವು. ಉಕ್ಕಿನದು ಎಲ್ಲಕ್ಕಿಂತ ಉದ್ದ.

"ಉಕ್ಕು ಯಾಕಪ್ಪ ಜಾಸ್ತಿ ಕುಗ್ಗುತ್ತೆ? ಅದೂ ಕಬ್ಬಿಣ ತಾನೇ?"

"ನಮ್ಮಪ್ಪ ಪಟ್ಟಿ ಕೊಟ್ಟ, ನಾನು ಇಸ್ಕೊಂಡೆ. ಯಾಕೆ ಅಂತ ಅವನನ್ನೂ ಕೇಳಲಿಲ್ಲ, ಕಬ್ಬಿಣವನ್ನೂ ಕೇಳಲಿಲ್ಲ."

ತೇನ್‌ಮೊಳಿ ಕುಲುಮೆಯ ಮೇಸ್ತ್ರಿಯನ್ನು ಕೇಳಿದಳು. "ಅದರ ಗುಣ ಕಣಮ್ಮ" ಎಂದ. ಮಾಲೀಕರ ಮಗನಿಗೂ ಗೊತ್ತಿರಲಿಲ್ಲ. ಕೊನೆಗೆ ಅವಳ ಕೆಮಿಸ್ಟ್ರಿ ಟೀಚರ್, "ಅದನ್ನೇ ನಾಲ್ಕು ವರ್ಷ ಕೂತು ಓದೋರಿದ್ದಾರೆ. ಲೋಹಶಾಸ್ತ್ರದ ಎಂಜಿನಿಯರಿಂಗ್ ಅಂತ. ನಿಮ್ಮೂರಲ್ಲೇ ಇದೆ" ಎಂದರು. ಅಂದೇ ಅವಳ ಮನಸ್ಸು ಗಟ್ಟಿಯಾಯಿತು. ಮನೆಯಲ್ಲಿ ಮಾತ್ರ ಹೇಳಲಿಲ್ಲ. ಹೇಳಿದರೆ ಸೀಟು ಆರಿಸಲು ಚೆನ್ನೈಗೆ ಕಳಿಸುತ್ತಿರಲಿಲ್ಲ.

ಸೀಟು ಹಂಚುವ ಕೌನ್ಸೆಲಿಂಗ್ ಚೆನ್ನೈಯಲ್ಲಿ. ಅಭ್ಯರ್ಥಿಯ ಜೊತೆ ಒಬ್ಬರಿಗೆ ಮಾತ್ರ ಪ್ರವೇಶ. ದೊಡ್ಡ ಸಭಾಂಗಣದಲ್ಲಿ ತನಗೆ ಮಾತು ಹೊರಡುವುದಿಲ್ಲವೆಂದು ಅಪ್ಪ ಮಾವನನ್ನು ಕಳಿಸಿದ. ಮಾವನ ಜೇಬಿನಲ್ಲಿ ಆರು ಕಾಲೇಜುಗಳ ಚೀಟಿಯಿತ್ತು. ಆರರಲ್ಲೂ ಕಂಪ್ಯೂಟರ್.

ಪರದೆಯ ಮೇಲೆ ಉಳಿದ ಸೀಟುಗಳ ಸಂಖ್ಯೆ ಇಳಿಯುತ್ತಲೇ ಇತ್ತು. ತೇನ್‌ಮೊಳಿಯ ಸರದಿ ಬರುವಷ್ಟರಲ್ಲಿ ಮಾವನ ಆರರಲ್ಲಿ ನಾಲ್ಕು ಭರ್ತಿಯಾಗಿದ್ದವು. ಕೊಯಮತ್ತೂರಿನ ಲೋಹಶಾಸ್ತ್ರದಲ್ಲಿ ಎರಡು ಸೀಟು ಉಳಿದಿದ್ದವು. ಅವಳು ಕುರ್ಚಿಯಲ್ಲಿ ಕೂರುವಾಗ ಅದು ಒಂದಾಯಿತು.

ಮೇಜಿನಾಚೆಯ ನೌಕರ ತಲೆ ಎತ್ತದೆ ಕೇಳಿದ. "ಕಾಲೇಜು? ವಿಭಾಗ?"

ಅವಳು ಕೊಯಮತ್ತೂರಿನ ಕಾಲೇಜಿನ ಹೆಸರು ಹೇಳಿ, ಲೋಹಶಾಸ್ತ್ರ ಎಂದಳು.

"ತಡೀರಿ ಸಾರ್!" ಮಾವ ಚೀಟಿ ಬಿಚ್ಚಿದ. "ಹುಡುಗಿ ಭಯದಲ್ಲಿ ಏನೋ ಬಡಬಡಿಸ್ತಿದ್ದಾಳೆ."

ನೌಕರ ಆಗ ತಲೆ ಎತ್ತಿ ಇಬ್ಬರನ್ನೂ ನೋಡಿದ. "ಭಯ ಬಿದ್ದಿರೋದು ನೀವು ಕಣ್ರೀ. ಓದೋರು ಯಾರು?"

"ನಾನು" ಎಂದಳು ತೇನ್‌ಮೊಳಿ. "ಅದನ್ನೇ ಹಾಕಿ ಸಾರ್."

ವಾಪಸು ಬರುವಾಗ ರೈಲು ಈರೋಡಿನಲ್ಲಿ ನಿಂತಾಗ ಮಾವ ಕೆಳಗಿಳಿದ. ಎರಡು ಟೀ ತಂದು ಒಂದನ್ನು ಅವಳ ಕೈಗಿಟ್ಟ. "ನಿಮ್ಮಪ್ಪನ ಮುಂದೆ ನೀನೇ ಬಾಯಿ ಬಿಡು. ನಾನು ಬೀದಿ ತುದೀಲೇ ಇಳ್ಕೊಂತೀನಿ."

ತಂಗವೇಲ್ ಶೆಡ್ಡಿನಲ್ಲಿ ತೇಗದ ತುಂಡಿಗೆ ಉಳಿ ಹಿಡಿದು ಕೂತಿದ್ದ. ಅವಳು ಎದುರು ನಿಂತೇ ಹೇಳಿದಳು. "ಕಬ್ಬಿಣ ತಗೊಂಡೆ ಅಪ್ಪಾ."

ಉಳಿ ನಿಂತಿತು. "ಬೇಡ ಅಂದಿದ್ದೆ."

"ಹೌದು, ನೀನು ಅಂದಿದ್ದೆ. ಆದ್ರೆ ನಾನು ಕೇಳಿದ್ದಕ್ಕೆ ಈ ಗೇಟಿನೊಳಗೆ ಒಬ್ಬರೂ ಉತ್ತರ ಹೇಳಲಿಲ್ಲ. ಹೇಳೋರು ಒಬ್ಬರಾದ್ರೂ ಬೇಡ್ವಾ?"

ಅವನು ಮರದ ಪುಡಿಯನ್ನು ಊದಿದ, ಮತ್ತೆ ಊದಿದ. "ಅಲ್ಲಿ ಕುಲುಮೆ ಇದೆಯಾ? ಅಥವಾ ಬರೀ ಬೋರ್ಡಿನ ಮೇಲೆ ಬರೀತಾರಾ?"

"ಇದೆ. ನಾವೇ ಹೊಯ್ಯಬೇಕು."

ಮರುದಿನ ಅವನು ಅರ್ಧ ದಿನ ರಜೆ ಹಾಕಿ ಅವಳನ್ನು ಒಪ್ಪಣಕಾರ ಬೀದಿಯ ಚಪ್ಪಲಿ ಅಂಗಡಿಗೆ ಕರೆದೊಯ್ದ. ಅಂಗಡಿಯವನು ಹೆಣ್ಣುಮಕ್ಕಳ ಚಪ್ಪಲಿ ಸಾಲಾಗಿ ಇಟ್ಟ. ತಂಗವೇಲ್ ಎಲ್ಲವನ್ನೂ ಪಕ್ಕಕ್ಕೆ ಸರಿಸಿ ಗಂಡಸರ ದಪ್ಪ ಚರ್ಮದ ಬೂಟು ಕೇಳಿದ. ಲೇಸಿದ್ದ ಎರಡು ಜೊತೆಯನ್ನು ಹಿಂದಕ್ಕೆ ಕೊಟ್ಟ. "ಲೇಸು ಆಗಲ್ಲ. ಒಳಗೆ ಕರಗಿದ ಕಬ್ಬಿಣ ಬಿದ್ರೆ ಬಿಚ್ಚುತ್ತಾ ಕೂರೋಕಾಗುತ್ತಾ? ಒಂದು ಒದೆಗೆ ಕಳಚಬೇಕು."

ಮೂರನೆಯ ಜೊತೆಯನ್ನು ಅವಳ ಕಾಲಿಗೆ ತೊಡಿಸಿ, ಎದ್ದು ಎರಡು ಹೆಜ್ಜೆ ಹಿಂದೆ ಸರಿದು ನಿಂತ.

"ಒದ್ದು ತೋರಿಸು" ಎಂದ.

ಬಲಗಾಲಿನ ಬೂಟು ಅಂಗಡಿಯ ಬಾಗಿಲು ದಾಟಿ ಬೀದಿಗೆ ಬಿತ್ತು. "ಇದು ಕೊಡಿ" ಎಂದ ತಂಗವೇಲ್.