ಮಂದಿ ನೋಡಲೆಂದು ನುಂಗಿದ ಮಾತ್ರೆ

ಕಳೆದ ವಾರ ಬಸ್ಸಿನಲ್ಲಿ ಪಕ್ಕದವರು ಬುತ್ತಿ ಬಿಚ್ಚಿದರು. ಶೇಂಗಾ ಚಟ್ನಿಯ ವಾಸನೆಗೆ ಖಾನಾವಳಿ ಅಕ್ಕ ನೆನಪಾದರು.

ಸಂಡೂರು ರಸ್ತೆಯಲ್ಲಿ ಅದಿರು ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲವದು. ಅಲ್ಲಿ ಅವರು ರೊಟ್ಟಿ ಊಟ ಹಾಕುತ್ತಿದ್ದರು. ಲಾರಿ ಓಡಿಸುತ್ತಿದ್ದ ಗಂಡ ಎಚ್‌ಐವಿಯಿಂದ ತೀರಿಕೊಂಡಿದ್ದ. ಅಕ್ಕನಿಗೂ ಸೋಂಕಿತ್ತು. ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ಅವರ ರಕ್ತ ತೆಗೆಯುತ್ತಿದ್ದವನು ನಾನು. ವರ್ಷಗಳು ಕಳೆದರೂ ಅವರು ಸೊರಗಲಿಲ್ಲ. ಬೆಂಗಳೂರಿಗೆ ಕಳಿಸಿದ ರಕ್ತದಲ್ಲಿ ವೈರಸ್ಸು ಎಣಿಕೆಗೇ ಸಿಗಲಿಲ್ಲ. ಅಪರೂಪಕ್ಕೆ ಕೆಲವರ ದೇಹ ತಾನಾಗಿಯೇ ಅದನ್ನು ಹಿಡಿದಿಡುತ್ತದೆ ಎಂದರು ಡಾಕ್ಟರು. ಆಗಿನ ನಿಯಮದಂತೆ ಅಂಥವರಿಗೆ ಮಾತ್ರೆ ಕೊಡುತ್ತಿರಲಿಲ್ಲ.

ಖಾನಾವಳಿಯಲ್ಲಿ ಪಾತ್ರೆ ತೊಳೆಯುತ್ತಿದ್ದ ಮಲಪನಗುಡಿಯ ಹೆಂಗಸಿಗೂ ಇದೇ ಸೋಂಕು. ಆಕೆಗೆ ಮಾತ್ರೆ ಬೇಕೇ ಬೇಕಿತ್ತು. ತಲೆಸುತ್ತು, ವಾಂತಿ ಎಂದು ಬಿಟ್ಟಳು. "ನೀ ನುಂಗಂಗಿಲ್ಲಕ್ಕ, ಆರಾಮ ಅದಿ. ನನಗ್ಯಾಕ ಬೇಕು?" ಅಂದಳಂತೆ. ಅಕ್ಕ ನಕ್ಕು ರೊಟ್ಟಿ ಬಡಿಯುವುದನ್ನು ಮುಂದುವರಿಸಿದ್ದರು. ಕೆಲವು ತಿಂಗಳಲ್ಲೇ ಆಕೆ ಕ್ಷಯ ಹಿಡಿದು ತೀರಿಹೋದಳು.

ಮರುವಾರ ಅಕ್ಕ ಡಾಕ್ಟರ ಮುಂದೆ ಬಂದು ಕುಳಿತರು.

"ನನಗೂ ಮಾತ್ರಿ ಬರದು ಕೊಡ್ರಿ."

"ನಿಮಗ ಬ್ಯಾಡಮ್ಮ. ರಕ್ತದಾಗ ವೈರಸ್ ಕಾಣಂಗೇ ಇಲ್ಲ."

"ಕಾಣಂಗಿಲ್ಲ ಅಂದ್ರ ಹೋಗೇತೇನ್ರಿ?"

"ಇಲ್ಲ, ಒಳಗ ಅಡಗಿ ಕುಂತಿರ್ತೈತಿ. ಮಾತ್ರಿ ತಗೊಂಡ್ರ ಇನ್ನಷ್ಟು ಕಡಿಮಿ ಆಗಬಹುದು. ಪೂರಾ ಅಳಿಯಂಗಿಲ್ಲ."

"ಒಳಗಿಂದು ನೀವು ನೋಡ್ಕೊಳ್ರಿ. ನಾ ನುಂಗೋದು ಹೊರಗಿನ ಮಂದಿ ನೋಡ್ಲಿ."

ಡಾಕ್ಟರು ಮೇಲಿನವರ ಒಪ್ಪಿಗೆ ತರಲು ಎರಡು ತಿಂಗಳು ಹಿಡಿಯಿತು. ಆಮೇಲೆ ಅಕ್ಕ ತಿಂಗಳಿಗೊಮ್ಮೆ ಮಾತ್ರೆ ಒಯ್ಯಲು ಬಂದು, ಸಾಲಿನಲ್ಲಿ ಕೂತವರ ಎದುರೇ ಆ ದಿನದ ಮಾತ್ರೆ ನುಂಗುತ್ತಿದ್ದರು. ಹೊಸಬರ ಪಕ್ಕ ಕೂತು, "ನನಗೂ ತಲಿ ತಿರುಗೇತಿ. ಹದಿನೈದು ದಿನ ತಡಕೋ, ಬಿಡಬ್ಯಾಡ" ಎನ್ನುತ್ತಿದ್ದರು. ಅವರಿಗೆ ಸೋಂಕಿರುವ ಸುದ್ದಿ ಸಂಡೂರು ರಸ್ತೆಗೂ ಮುಟ್ಟಿತು. ಚಾಲಕರು ಊಟಕ್ಕೆ ಬರುವುದು ನಿಂತಿತು. ಖಾನಾವಳಿ ಮುಚ್ಚಿತು.

ಕಂಪ್ಲಿಯ ತಮ್ಮನ ಮನೆಗೆ ಹೊರಡುವ ಮುನ್ನ ಕೊನೆಯ ಸಲ ರಕ್ತ ಕೊಟ್ಟರು. ವರದಿ ಮೊದಲಿನಂತೆಯೇ ಇತ್ತು.

"ಇಷ್ಟು ನುಂಗಿದ್ದಕ್ಕ ಏನಾತಪಾ?"

"ಅಡಗಿದ್ದು ಮಷಿನ್ನಿಗೆ ಕಾಣಂಗಿಲ್ಲಕ್ಕ."

"ಹೋಗ್ಲಿ ಬಿಡು," ಎಂದು ಸೆರಗು ಸರಿಮಾಡಿಕೊಂಡು ಎದ್ದರು.

ಹೋದ ವರ್ಷ ಎದೆನೋವಿನಿಂದ ತೀರಿಕೊಂಡರೆಂದು ತಡವಾಗಿ ತಿಳಿಯಿತು. ಅವರೊಳಗಿನದು ಎಷ್ಟು ಕರಗಿತ್ತೋ, ಯಾರೂ ಅಳೆಯಲಿಲ್ಲ. ಅವರ ಮಾತು ಕೇಳಿ ಮಾತ್ರೆ ಬಿಡದೆ ಉಳಿದ ಮೂವರು ಈಗಲೂ ರಕ್ತ ಕೊಡಲು ನನ್ನ ಕಿಟಕಿಗೆ ಬರುತ್ತಾರೆ. "ಅಕ್ಕ ಹೆಂಗದಾಳ್ರಿ?" ಎಂದು ಕೇಳುತ್ತಾರೆ. ನಾನಿನ್ನೂ ಹೇಳಿಲ್ಲ.