ಕರಿಯೋರ ಮನಿ

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಮ್ಮ ಓಣಿಯ ಮಂದಿ ನಮ್ಮ ಮನೆಯನ್ನು ‘ಕರಿಯೋರ ಮನಿ’ ಅನ್ನುತ್ತಾರೆ. ಆ ಹೆಸರು ಇಟ್ಟವರು ಬೇರೆ ಯಾರೂ ಅಲ್ಲ, ನನ್ನ ಗಂಡನೇ. ನಾನು ಓಣಿಯ ಮೂಲೆಯಲ್ಲಿ ಬಂಡಿ ನಿಲ್ಲಿಸಿಕೊಂಡು ಮಿರ್ಚಿ ಕರಿಯುವವಳು. ಅವರು ಹೊಲದಲ್ಲಿ ಕೂತು ಪಾರಿವಾಳ ಕರೆಯುವವರು. ಬರೆಯುವಾಗ ಒಂದಕ್ಷರದ ಫರಕು ಇದೆ, ನಮ್ಮ ಬಾಯಲ್ಲಿ ಎರಡೂ ‘ಕರಿಯೋದೇ’. ಸಂಜೆ ಬಂಡಿಯ ಮುಂದೆ ಗಿರಾಕಿಗಳು ನಿಂತಿರುವಾಗಲೇ ಬಂದು, “ಲೇ, ನೀನೂ ಕರಿತಿ, ನಾನೂ ಕರಿತೀನಿ. ನೀ ಕರಿದಿದ್ದನ್ನ ಮಂದಿ ತಿಂತಾರ. ನಾ ಕರದಿದ್ದು ಗುಂಡು ತಿಂತಾವು” ಅನ್ನುತ್ತಿದ್ದರು. ಗಿರಾಕಿಗಳು ನಗುತ್ತಿದ್ದರು, ನಾನು ಸೌಟು ಎತ್ತಿ ಹೆದರಿಸುತ್ತಿದ್ದೆ. ಅದೇ ಮಾತನ್ನು ಎಷ್ಟು ಸಲ ಹೇಳಿದರೋ, ಕೇಳಿ ಕೇಳಿ ನನಗೆ ಸಾಕಾಗಿತ್ತು.

ಹೊಟ್ಟೆಪಾಡಿಗೆ ಅವರು ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದರು. ಆದರೆ ಬಿತ್ತನೆ ಕಾಲ ಬಂತೆಂದರೆ ಮಷೀನಿನ ಮುಂದೆ ನಿಲ್ಲುವ ಜೀವವಲ್ಲ ಅದು. ಹೊಲದ ಹಕ್ಕಿ ಹೊಡೆಯಲು ಬಾ ಎಂದು ರೈತರಿಂದ ಫೋನಿನ ಮೇಲೆ ಫೋನು. ಸಿರುಗುಪ್ಪದ ಕಡೆಯವರಿಗೆ ಕೆಸರಿನಲ್ಲಿ ಚೆಲ್ಲಿದ ಮೊಳಕೆ ಭತ್ತದ ಚಿಂತೆ, ಕುರುಗೋಡಿನ ಕಡೆಯವರಿಗೆ ಎರೆಹೊಲದಲ್ಲಿ ಬಿತ್ತಿದ ಕಡಲೆಯ ಚಿಂತೆ. ಕುರುಗೋಡಿನ ಗುಡ್ಡದ ಬಂಡೆಗಳ ಸಂದಿಯಲ್ಲಿ ಪಾರಿವಾಳಗಳಿಗೆ ಲೆಕ್ಕವಿಲ್ಲ. ಬೆಳಗಾಗುತ್ತಲೇ ಬಂದು, ಸಾಲು ಹಿಡಿದು ಕಾಳು ಆರಿಸಿಬಿಡುತ್ತವೆ. ಪಟಾಕಿ ಹೊಡೆದರೆ ಪಕ್ಕದ ಹೊಲಕ್ಕೆ ಹಾರುತ್ತವೆ, ಸದ್ದಡಗಿದ ಮೇಲೆ ಮತ್ತೆ ಹಾಜರ್.

ಮದುವೆಯಾದ ಹೊಸದರಲ್ಲಿ ಒಮ್ಮೆ ನೋಡೋಣವೆಂದು ನಾನೂ ಹೋಗಿದ್ದೆ. ಜೋಳದ ದಂಟು ನಿಲ್ಲಿಸಿ ಒಂದು ಮರೆ ಕಟ್ಟಿದ್ದರು. ಅದರ ಮುಂದೆ ಸಾಕಿದ ಪಾರಿವಾಳ ಒಂದರ ಕಾಲಿಗೆ ದಾರ ಕಟ್ಟಿ ಬಿಟ್ಟಿದ್ದರು. ಸತ್ತ ಹಕ್ಕಿಗಳಿಗೂ ಅವರು ಕೆಲಸ ಕೊಡುತ್ತಿದ್ದರು. ಗದ್ದದ ಕೆಳಗೆ ಕವಲುಕಡ್ಡಿ ಕೊಟ್ಟು, ಗಾಳಿಗೆ ಮುಖ ಮಾಡಿ, ಮೇಯುತ್ತಿವೆ ಅನ್ನುವ ಹಾಗೆ ನೆಲದ ಮೇಲೆ ಕೂರಿಸುವುದು. ಮೇಲಿಂದ ನೋಡಿದ ಹಿಂಡಿಗೆ ತಮ್ಮವರೇ ಊಟಕ್ಕೆ ಕೂತ ಹಾಗೆ ಕಾಣಬೇಕು. ಇಷ್ಟು ಮಾಡಿದರೂ ಎಷ್ಟೋ ಸಲ ಹಕ್ಕಿಗಳು ಒಂದು ಸುತ್ತು ಹಾಕಿ ಅನುಮಾನಪಟ್ಟು ಹೊರಟುಬಿಡುತ್ತವೆ. ಆಗ ನನ್ನ ಗಂಡ ಗದ್ದವನ್ನು ಎದೆಗೊತ್ತಿ, ಗಂಟಲು ಉಬ್ಬಿಸಿ, ಗುಟುರ್ ಗುಟುರ್ ಅಂತ ಕರೆಯುತ್ತಿದ್ದರು. ದೇವರಾಣೆ, ಹೋಗುತ್ತಿದ್ದ ಹಿಂಡು ತಿರುಗಿ ಬರುತ್ತಿತ್ತು. ಹೆಂಡತಿಯನ್ನು ‘ಲೇ’ ಅನ್ನುವ ಬಾಯಲ್ಲಿ ಹಕ್ಕಿಗೆ ಇಷ್ಟು ಬೆಣ್ಣೆಯೇ ಅಂತ ನನಗೆ ಹೊಟ್ಟೆ ಉರಿಯಿತು. ಇಳಿದವುಗಳನ್ನು ಅವರ ತಮ್ಮ, ನನ್ನ ಮೈದುನ, ಏರ್‌ಗನ್ನಿನಿಂದ ಹೊಡೆದ. ಪಾಪ ಅನ್ನಿಸಲಿಲ್ಲವೇ ಎಂದು ಕೇಳಿದರೆ, ಅನ್ನಿಸಿತು. ರಾತ್ರಿ ಸಾರು ಮಾಡಿ ತಿಂದೆ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಮಷೀನಿನ ಮುಂದೆ ಕೂತಿದ್ದವರು ಬಲಕ್ಕೆ ವಾಲಿಬಿಟ್ಟರಂತೆ. ಜೊತೆಯವರು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ನಾನು ಹಿಟ್ಟು ಕಲಸಿದ ಕೈಯಲ್ಲೇ ಓಡಿದೆ. ಲಕ್ವಾ. ಬಾಯಿ ಸೊಟ್ಟಗಾಗಿತ್ತು, ಬಲಗೈ ಯಾರದೋ ಕೈ ತಂದು ಇಟ್ಟ ಹಾಗೆ ಬಿದ್ದಿತ್ತು. ಜೀವ ಉಳಿಯಿತು. ಕಾಲೂ ಎಳೆದುಕೊಂಡು ನಡೆಯುವ ಮಟ್ಟಿಗೆ ಬಂತು. ಮಾತು ಮಾತ್ರ ಬರಲಿಲ್ಲ.

ಬರಲೇ ಇಲ್ಲ ಅಂದರೆ ತಪ್ಪಾಗುತ್ತದೆ, ಒಂದು ಬಂತು. ಡಾಕ್ಟರು, “ನಿಮ್ಮ ಹೆಸರೇನ್ರಿ?” ಎಂದು ಕೇಳಿದರು. ನನ್ನ ಗಂಡ ಕಣ್ಣರಳಿಸಿ, ಮೈಯೆಲ್ಲ ಬಿಗಿ ಹಿಡಿದು, “ಹೋ” ಅಂದರು. ಹೊಲದಲ್ಲಿ ಹಕ್ಕಿ ಓಡಿಸಲು ಕೂಗುವ ಹೋ ಅದು. “ಇವರು ಯಾರು?” ಎಂದು ನನ್ನನ್ನು ತೋರಿಸಿದರು. “ಹೋ.” ನೀರು ಬೇಕೇ ಎಂದರೂ ಹೋ, ನೋವಿದೆಯೇ ಎಂದರೂ ಹೋ. ಕೆಲವರಿಗೆ ಹೀಗೆ ಒಂದೇ ಮಾತು ಉಳಿದುಬಿಡುತ್ತದೆ, ಹೇಳಬೇಕೆಂದದ್ದೆಲ್ಲ ಅದೇ ಒಂದರಲ್ಲಿ ಬರುತ್ತದೆ ಎಂದು ಡಾಕ್ಟರು ತಿಳಿಸಿ ಹೇಳಿದರು. “ನಿಮ್ಮನ್ನ ಹೋಗು ಅಂತಿಲ್ಲಮ್ಮ ಅವರು. ಮಾತಾಡಿಸ್ತಾ ಇರಿ. ಬಂದರೂ ಬರಬಹುದು” ಅಂದರು.

ತಲೆಗೆ ಅರ್ಥವಾಯಿತು. ಆದರೆ ದಿನಕ್ಕೆ ಎಷ್ಟು ಸಲ ಅಂತ ಕೇಳಲಿ? ಹಾಸಿಗೆ ಝಾಡಿಸಿದರೆ ಹೋ, ಬಾಯಿ ಒರೆಸಿದರೆ ಹೋ, ಪಕ್ಕದಲ್ಲಿ ಕೂತರೆ ಹೋ. “ಏನ್ರಿ, ಒಮ್ಮೆ ಲೇ ಅನ್ರಿ. ಬೈಯ್ರಿ ಬೇಕಾದ್ರ” ಎಂದು ಅವರ ಗಲ್ಲ ಹಿಡಿದು ಕೇಳಿದೆ. ಅವರ ತುಟಿ ನಡುಗಿತು, ಕಣ್ಣಲ್ಲಿ ನೀರು ಬಂತು, ಬಾಯಿಂದ ಮಾತ್ರ ಅದೇ ಬಂತು. ಆಮೇಲೆ ಹಾಗೆ ಕೇಳುವುದನ್ನು ಬಿಟ್ಟೆ. ಆದರೂ ಆ ಒಂದು ‘ಲೇ’ಗಾಗಿ ನಾನು ಏನು ಮಾಡಲೂ ತಯಾರಿದ್ದೆ.

ನನ್ನ ಅತ್ತೆ ನಾಟಿ ಮದ್ದಿನ ಮಾತು ಹಿಡಿದುಕೊಂಡರು. “ಪಾರಿವಾಳದ ಬಿಸಿ ರಕ್ತ ಹಚ್ಚಿದ್ರ ಲಕ್ವಾ ಬಿಡತೈತಿ. ಸಾರು ಕುಡಿಸಿದ್ರ ನಾಲಿಗಿ ತಿರಗತೈತಿ” ಅಂದರು.

“ಅಲ್ಲತ್ತಿ, ಇಷ್ಟು ವರ್ಷ ತಿಂದ ಪಾರಿವಾಳ ಸಾಲಲಿಲ್ಲೇನು? ಅದರಾಗ ಔಷಧ ಇದ್ದಿದ್ರ ಅವರಿಗೆ ಲಕ್ವಾ ಯಾಕ ಹೊಡೀತಿತ್ತು?” ಎಂದು ರೇಗಿದೆ.

“ನಿನ್ನ ಬಾಯಿಗೆ ಬೀಗ ಹಾಕು. ಹೆತ್ತಾಕಿ ನಾನು” ಎಂದು ಅವರು ಅತ್ತರು. ನನಗೂ ಸಾಕಾಗಿತ್ತು. ಆಗಲಿ, ಅದೂ ಒಂದು ಆಗಿಹೋಗಲಿ ಅಂದೆ. ಮನಸ್ಸಿನೊಳಗೆ ನನಗೂ ಆಸೆ ಇತ್ತು ಅನ್ನುವುದನ್ನು ಅವರ ಮುಂದೆ ತೋರಿಸಿಕೊಳ್ಳಲಿಲ್ಲ.

ಮೈದುನ ಏರ್‌ಗನ್ ಹೆಗಲಿಗೆ ಹಾಕಿಕೊಂಡು ಕುರುಗೋಡಿನ ಬಸ್ಸು ಹತ್ತಿದ. ಸಂಜೆ ಬರಿಗೈಯಲ್ಲಿ ಬಂದ. “ಅಣ್ಣ ಕರೀಲಿಲ್ಲಂದ್ರ ಇಳಿಯಂಗಿಲ್ಲ ಅತ್ಗಿ. ಸುತ್ತು ಹಾಕತಾವು, ಹೋಗತಾವು” ಅಂದ. ಮರುದಿನ ಮೊಬೈಲಿನಲ್ಲಿ ಪಾರಿವಾಳ ಕೂಗುವ ವಿಡಿಯೋ ಹುಡುಕಿ, ಅದನ್ನು ಮರೆಯಲ್ಲಿಟ್ಟು ಕೂಗಿಸಿದನಂತೆ. ಯಾವ ದೇಶದ ಹಕ್ಕಿಯೋ ಏನೋ, ನಮ್ಮ ಗುಡ್ಡದವು ತಿರುಗಿಯೂ ನೋಡಲಿಲ್ಲ. ಅಣ್ಣನ ದನಿ ಯಾರಾದರೂ ರೆಕಾರ್ಡ್ ಮಾಡಿಕೊಂಡಿದ್ದಾರೇನೋ ಎಂದು ಗುರುತಿನವರಿಗೆಲ್ಲ ಫೋನು ಮಾಡಿದ. ನಾನು ನನ್ನ ಮೊಬೈಲು ತೆಗೆದು ಕೂತೆ. ಮಿರ್ಚಿಯ ಫೋಟೋ ಇದ್ದವು, ಮದುವೆ ಮುಂಜಿಯ ವಿಡಿಯೋ ಇದ್ದವು, ಊರವರೆಲ್ಲ ಅದರಲ್ಲಿ ಮಾತಾಡುತ್ತಿದ್ದರು. ನನ್ನ ಗಂಡ ಎಲ್ಲ ಕಡೆಯೂ ಹಿಂದೆ ನಿಂತಿದ್ದರು. ಅವರ ದನಿ ಒಂದರಲ್ಲೂ ಇರಲಿಲ್ಲ. ಆ ಹೊತ್ತು ನಾನು ಅತ್ತ ಹಾಗೆ ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ.

ಕೊನೆಗೆ ಮೈದುನ ಗುಡ್ಡದ ಬುಡದಲ್ಲೇ ಕಾದು ಕೂತು ಎರಡು ಹಕ್ಕಿ ತಂದ, ಒಂದಕ್ಕೆ ಇನ್ನೂ ಜೀವವಿತ್ತು. ಅತ್ತೆ ಅದರ ಕತ್ತು ಕೊಯ್ದು ಬಿಸಿ ರಕ್ತವನ್ನು ಮಗನ ಬಲಗೈಗೆ ಹಚ್ಚಿ ತಿಕ್ಕಿದರು. ರಕ್ತ ಒಣಗಿ ಪೊರೆ ಕಟ್ಟಿತು, ನೊಣ ಬಂದವು, ಕೈ ಅಲುಗಲಿಲ್ಲ. ಸಾರಿನ ಬಟ್ಟಲು ತುಟಿಗಿಟ್ಟರೆ ಮುಖ ತಿರುಗಿಸಿ “ಹೋ” ಅಂದರು. ನನಗೆ ಎಲ್ಲಿಂದ ಸಿಟ್ಟು ಬಂತೋ, ಬಟ್ಟಲನ್ನು ಬಚ್ಚಲಿಗೆ ಚೆಲ್ಲಿಬಿಟ್ಟೆ. ಅತ್ತೆ ಆ ದಿನ ನನ್ನೊಂದಿಗೆ ಮಾತು ಬಿಟ್ಟರು.

ಮುಂದಿನದು ನನ್ನ ತಲೆಯಲ್ಲಿ ಹುಟ್ಟಿದ್ದು. ನಾವು ಹಕ್ಕಿಯನ್ನು ಇವರ ಹತ್ತಿರ ತರುತ್ತಿದ್ದೇವೆ, ಇವರನ್ನೇ ಹಕ್ಕಿಯ ಹತ್ತಿರ ಒಯ್ದರೆ? ಮಾತು ಹೋಗಿರಬಹುದು. ಆದರೆ ಕರೆಯುವುದು ಮಾತಲ್ಲವಲ್ಲ, ಅದು ಗಂಟಲಿನದು. ಒಂದು ಸಲ ಗುಟುರ್ ಅಂತ ಬಂದರೆ ಅದರ ಹಿಂದೆಯೇ ಮಾತೂ ಬರಬಹುದು. ಮೈದುನನಿಗೆ ಹೇಳಿದೆ. ಅವನು, “ನೋಡೋಣ ಬರ್ರಿ ಅತ್ಗಿ” ಅಂದ.

ಕುರುಗೋಡಿನ ಹತ್ತಿರ ಒಬ್ಬ ಗೌಡರ ಕಡಲೆ ಹೊಲ. ಮೊದಲಿನಿಂದಲೂ ನನ್ನ ಗಂಡನನ್ನು ಕರೆಸುತ್ತಿದ್ದವರು ಅವರು. ಬಿತ್ತಿ ಆಗಿತ್ತು, ಮೊಳಕೆ ಮೇಲೆ ಬರುತ್ತಿತ್ತು, ಪಾರಿವಾಳದ ಕಾಟಕ್ಕೆ ಗೌಡರು ರೋಸಿಹೋಗಿದ್ದರು. ಮೈದುನ ಮರೆ ಕಟ್ಟಿದ, ದಾರದ ಹಕ್ಕಿಯನ್ನು ಬಿಟ್ಟ. ನಾವು ಮೂವರೂ ದಂಟಿನ ಹಿಂದೆ ಒತ್ತಿಕೊಂಡು ಕೂತೆವು. ಗುಡ್ಡದ ಕಡೆಯಿಂದ ಹಿಂಡು ಬಂತು. ಒಂದು ಸುತ್ತು, ಎರಡನೆಯ ಸುತ್ತು. ಅಷ್ಟರಲ್ಲಿ ನನ್ನ ಗಂಡ ತಾವಾಗಿಯೇ ಗದ್ದವನ್ನು ಎದೆಗೊತ್ತಿದರು. ಗಂಟಲು ಉಬ್ಬಿತು, ಥೇಟ್ ಮೊದಲಿನ ಹಾಗೆಯೇ ಉಬ್ಬಿತು. ಮೈದುನ ಬಂದೂಕು ಕೆಳಗಿಟ್ಟು ಅಣ್ಣನ ಬಾಯಿಯನ್ನೇ ನೋಡುತ್ತ ಕೂತ. ನನ್ನಪ್ಪಾ, ಒಂದೇ ಒಂದು ಸಲ ಅಂತ ಕಂಡ ಕಂಡ ದೇವರನ್ನೆಲ್ಲ ನೆನೆದೆ. ಹಿಂಡು ಇನ್ನೇನು ನೆಲ ಮುಟ್ಟಬೇಕು.

“ಹೋ!”

ಅಂಥ ದನಿ ಆ ಮೈಯಲ್ಲಿ ಉಳಿದಿದೆ ಅಂತ ನನಗೆ ಗೊತ್ತಿರಲಿಲ್ಲ. ಹಿಂಡು ಭರ್ರನೆ ಎದ್ದಿತು. ಪಕ್ಕದ ಹೊಲದವೂ ಎದ್ದವು, ಅದರಾಚೆಯವೂ ಎದ್ದವು. ದಾರದ ಹಕ್ಕಿ ಹಾರಲು ಹೋಗಿ ಮುಗ್ಗರಿಸಿ ಬಿತ್ತು. ನನ್ನ ಗಂಡನಿಗೆ ತಾವು ಏನು ಮಾಡಿದೆವೆಂದು ಗೊತ್ತಾಯಿತು. ಗೊತ್ತಾಗಿ ಸರಿಮಾಡಲು ಮತ್ತೆ ಗಂಟಲು ಉಬ್ಬಿಸಿದರು. “ಹೋ! ಹೋ!” ಆಕಾಶ ಖಾಲಿಯಾಗುವ ತನಕ ಬಿಡಲಿಲ್ಲ. “ಸಾಕಣ್ಣ, ಸಾಕು ಬಿಡು” ಎಂದು ಮೈದುನ ಅವರ ಬಾಯಿಗೆ ಕೈ ಅಡ್ಡ ಹಿಡಿದ. ನಾನು ಸೆರಗು ಬಾಯಿಗೆ ತುರುಕಿಕೊಂಡೆ.

ಬದುವಿನ ಮೇಲೆ ನಿಂತಿದ್ದ ಗೌಡರು ಚಪ್ಪಾಳೆ ತಟ್ಟಿದರು. “ಎಲಾ ಇವನ! ಪಟಾಕಿ ಹೊಡೆದ್ರ ಹೋಗದವು ಹೆಂಗ ಹೋದವು ನೋಡು! ನಾಳಿಯಿಂದ ಇಲ್ಲೇ ಕುಂದರಲಿ. ಹಕ್ಕಿ ಕಾಯೋ ಆಳು ಸಿಗವಲ್ಲರು. ಕೂಲಿ ಕೊಡ್ತೀನಿ, ನೆರಳಿಗೆ ಒಂದು ಗುಡಿಸಲಾ ಹಾಕಿಸಿಕೊಡ್ತೀನಿ.”

ಕೆಟ್ಟ ಮನುಷ್ಯರಲ್ಲ ಅವರು. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಅಂದುಕೊಂಡಿದ್ದರು. ನಾನು ಬಾಯಿಗೆ ಬಂದದ್ದು ಬೈಯಬೇಕೆಂದು ಎದ್ದೆ. ನಿಮಗೆ ಇವರು ಬೆದರುಗೊಂಬೆಯಂತೆ ಕಾಣುತ್ತಾರೇನ್ರಿ ಎಂದು ಕೇಳಬೇಕೆಂದಿದ್ದೆ. ತಿರುಗಿ ನೋಡಿದರೆ ನನ್ನ ಗಂಡ ಗೌಡರ ಕಡೆ ತಲೆ ಆಡಿಸುತ್ತಿದ್ದರು. ಮನೆಯಲ್ಲಿ ಗೋಡೆ ನೋಡುತ್ತ ಕೂರುವುದಕ್ಕಿಂತ ಇದು ವಾಸಿ ಅನ್ನಿಸಿತೋ, ಒಬ್ಬರಾದರೂ ತಮ್ಮನ್ನು ಕೆಲಸಕ್ಕೆ ಕರೆದರು ಅನ್ನಿಸಿತೋ, ನನಗೆ ಇವತ್ತಿಗೂ ತಿಳಿದಿಲ್ಲ. ಕೇಳಿದರೆ ಏನು ಉತ್ತರ ಬರುತ್ತದೆಂದು ಗೊತ್ತೇ ಇದೆ.

ಈಗ ಬೆಳಿಗ್ಗೆ ಮೈದುನ ಅವರನ್ನು ಹೊಲಕ್ಕೆ ಬಿಟ್ಟು ತನ್ನ ಕೆಲಸಕ್ಕೆ ಹೋಗುತ್ತಾನೆ. ಏರ್‌ಗನ್ ಅಟ್ಟದ ಮೇಲಿದೆ. ಹಕ್ಕಿಗಳು ಇನ್ನು ಸಾಯುವುದಿಲ್ಲ, ಅಷ್ಟು ಪುಣ್ಯ ಬಂತೆಂದು ಅತ್ತೆ ಅನ್ನುತ್ತಾರೆ. ಆ ಪುಣ್ಯ ತಗೊಂಡು ನಾನೇನು ಮಾಡಲಿ? ಸಂಜೆ ಬಂಡಿಯ ಹತ್ತಿರ ಹೊಸ ಗಿರಾಕಿಗಳು ‘ಕರಿಯೋರ ಮನಿ’ ಎಂದರೆ ನನ್ನ ಮಿರ್ಚಿಗೆ ಬಂದ ಹೆಸರು ಅಂದುಕೊಳ್ಳುತ್ತಾರೆ. ನಾನು ತಿದ್ದುವುದಿಲ್ಲ.

ಮಧ್ಯಾಹ್ನದ ಬುತ್ತಿ ಒಯ್ಯುವುದು ನಾನು. ಮೊನ್ನೆ ಬಸ್ಸಿಳಿದು ಹೊಲದ ದಾರಿ ಹಿಡಿದು ಹೋದೆ. ಅವರು ಗುಡಿಸಲಿನ ಮುಂದೆ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಕೂತಿದ್ದರು. ದೂರದಿಂದಲೇ ನನ್ನನ್ನು ನೋಡಿದರು. ಎಡಗೈ ಊರಿ ಕಷ್ಟಪಟ್ಟು ಎದ್ದು ನಿಂತರು, ಕೈ ಮೇಲೆತ್ತಿದರು, ಗದ್ದವನ್ನು ಎದೆಗೊತ್ತಿ ಗಂಟಲು ಉಬ್ಬಿಸಿದರು. ನಾನು ಬದುವಿನ ಮೇಲೆ ನಿಂತುಬಿಟ್ಟೆ.

“ಹೋ” ಎಂದು ಕೂಗಿದರು. ಮತ್ತೆ ಕೂಗಿದರು. ಸುತ್ತ ನೋಡಿದೆ. ಹೊಲದಲ್ಲಿ ಒಂದು ಹಕ್ಕಿಯೂ ಇರಲಿಲ್ಲ.